ಆಯಸ್ಕಾಂತದ ಸುಳ್ಳು ಸಾಕ್ಷಿ

ಪಾತ್ರೆ ಅಂಗಡಿಗೆ ಹೋದಾಗಲೆಲ್ಲ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಗಿರಾಕಿ ಡಬ್ಬವೊಂದನ್ನು ಅನುಮಾನದಿಂದ ತಿರುಗಿಸಿ ನೋಡುತ್ತಿರುತ್ತಾರೆ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಆಯಸ್ಕಾಂತದ ಚೂರು ತೆಗೆದು ಡಬ್ಬದ ಮೈಗೆ ತಾಗಿಸುತ್ತಾರೆ. ಅದು ಜಾರಿ ಬೀಳುತ್ತದೆ. ‘ನೋಡಿ ಅಮ್ಮಾ, ಅಂಟಲಿಲ್ಲ. ಅಸಲಿ ಸ್ಟೀಲು.’ ಅಲ್ಲಿಗೆ ವ್ಯಾಪಾರ ಕುದುರಿತು.

ಈ ಪರೀಕ್ಷೆಯನ್ನು ನಂಬಬೇಡಿ. 1992ರಲ್ಲಿ ಬಂದ ಚಿಕ್ಕ ಒಂದು ರೂಪಾಯಿ ನಾಣ್ಯ ಮನೆಯಲ್ಲಿದ್ದರೆ ಆಯಸ್ಕಾಂತಕ್ಕೆ ಹಿಡಿಯಿರಿ, ಟಕ್ಕನೆ ಅಂಟಿಕೊಳ್ಳುತ್ತದೆ. ಅದೂ ಸ್ಟೇನ್‌ಲೆಸ್ ಸ್ಟೀಲೇ: ಸುಮಾರು 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಸೆರಗಿನ ಗಂಟು, ದೇವರ ಹುಂಡಿ, ಮೀನು ಮಾರುಕಟ್ಟೆ ಎಲ್ಲ ಸುತ್ತಿ ಬಂದರೂ ಅದಕ್ಕೆ ತುಕ್ಕು ಹಿಡಿಯುವುದು ಅಪರೂಪ.

ತುಕ್ಕು ತಡೆಯುವುದು ಕ್ರೋಮಿಯಂ. ಉಕ್ಕಿನಲ್ಲಿ ಅದು ಶೇ 10.5ರಷ್ಟಾದರೂ ಇದ್ದರೆ ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗುತ್ತದೆ. ಗೀಚಿದರೆ ಆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಮದುವೆಯ ಉಡುಗೊರೆ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸುತ್ತೇವಲ್ಲ, ಆ ಒಂದೊಂದು ಚುಕ್ಕಿಯೂ ಹೀಗೆ ಮಾಗಿದ ಗಾಯ. ಎಷ್ಟೋ ವರ್ಷಗಳ ಮೇಲೂ ಅಜ್ಜಿಯ ಹೆಸರನ್ನು ತುಕ್ಕಿಲ್ಲದೆ ಓದಬಹುದು. ಇದಕ್ಕಿಂತ ಚೆಂದದ ಗುಣ ಬೇರಾವ ಲೋಹದಲ್ಲಿದೆ ಎಂದು ನನಗೆ ಅನ್ನಿಸಿದ್ದುಂಟು.

ಆಯಸ್ಕಾಂತ ಅಂಟದಿರುವುದು ಬೇರೆ ಸಂಗತಿ. 304 ಎಂಬ ಒಳ್ಳೆಯ ದರ್ಜೆಯಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ನಿಕಲ್ಲು ಒಳಗಿನ ಕಣಗಳ ಜೋಡಣೆಯನ್ನೇ ಬದಲಿಸುವುದರಿಂದ ಆಯಸ್ಕಾಂತಕ್ಕೆ ಹಿಡಿತ ಸಿಗುವುದಿಲ್ಲ. ಆದರೆ ನಿಕಲ್ ದುಬಾರಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ 200ರ ಸರಣಿಯ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ತುಕ್ಕು ತಡೆಯುವ ಶಕ್ತಿ ಮಾತ್ರ ಕಡಿಮೆ. ಅತ್ತ ಅಪ್ಪಟ 304ರ ಪಾತ್ರೆಯೂ ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ ಕಡೆ, ಕಂಠದಲ್ಲೋ ಮೂಲೆಯಲ್ಲೋ, ಆಯಸ್ಕಾಂತವನ್ನು ಕೊಂಚ ಎಳೆಯುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ ಅಗ್ಗದ್ದು ಪಾಸಾಗಿ ಒಳ್ಳೆಯದು ಫೇಲಾಗಬಹುದು. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದೆ. ಆ ಗುರುತು, ದರ್ಜೆಯ ಸಂಖ್ಯೆ ಎರಡನ್ನೂ ಕೇಳಿ ಪಡೆಯಿರಿ.

ಕಾದ ಪಾತ್ರೆಯ ತಳದಲ್ಲಿ ಮೂಡುವ ಕಾಮನಬಿಲ್ಲಿನ ಬಣ್ಣಕ್ಕೆ ಹೆದರಬೇಕಿಲ್ಲ. ಶಾಖಕ್ಕೆ ಅದೇ ಪೊರೆ ತುಸು ದಪ್ಪವಾಗಿರುತ್ತದೆ, ಅಷ್ಟೆ. ಬಿಳಿ ಕಲೆ ಗಡಸು ನೀರಿನದು. ನಿಂಬೆ ಹೋಳು ಸಾಕು.

ಹೆದರಬೇಕಾದದ್ದು ಉಪ್ಪಿಗೆ. ಸ್ಟೀಲಿಗೆ ಏನೂ ಆಗದು ಎಂದು ನಂಬಿ ನಾನೂ ಹಸಿ ಕಲ್ಲುಪ್ಪನ್ನು ಸ್ಟೀಲ್ ಡಬ್ಬದಲ್ಲೇ ತುಂಬಿಡುತ್ತಿದ್ದೆ. ಉಪ್ಪಿನ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ಸೀಳುತ್ತದೆ, ಮತ್ತೆ ಬೆಳೆಯಗೊಡುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡಬ್ಬದ ತಳದಲ್ಲಿ ಸೂಜಿ ಚುಚ್ಚಿದಂಥ ಕಂದು ಗುಳಿಗಳು. ಉಪ್ಪಿನಕಾಯಿಗೆ ಹಿರಿಯರು ಪಿಂಗಾಣಿ ಜಾಡಿಯನ್ನೇ ಏಕೆ ಹಿಡಿದಿದ್ದರೆಂದು ಅಂದು ತಿಳಿಯಿತು. ಅಡುಗೆಗೂ ಈಗ ನೀರು ಕುದಿ ಬಂದ ಮೇಲೆಯೇ ಉಪ್ಪು ಹಾಕುತ್ತೇನೆ. ತಣ್ಣೀರಿಗೆ ಹಾಕಿದರೆ ಹರಳು ತಳದಲ್ಲಿ ಕೂತು ಅಲ್ಲೇ ಕೊರೆಯುತ್ತದೆ. ಆ ಡಬ್ಬವನ್ನು ಎಸೆಯಲಿಲ್ಲ. ತಿಕ್ಕಿ ಒಣಗಿಸಿ ಅವಲಕ್ಕಿ ತುಂಬಿದೆ. ಗುಳಿಗಳು ಹಾಗೇ ಇವೆ, ಹೆಚ್ಚಾಗಿಲ್ಲ.