ದಪ್ಪ ಅಕ್ಷರದ ಧರ್ಮ ಯಾವುದು?

ಕಪ್ಪಗೆ, ದಪ್ಪಗೆ, ಮೂಲೆ ಮೂಲೆಗೂ ಮೊನೆ ಚಾಚಿದ ಒಂದು ಬಗೆಯ ಇಂಗ್ಲಿಷ್ ಅಕ್ಷರವನ್ನು ನಾವೆಲ್ಲ ನೋಡಿದ್ದೇವೆ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹೆಸರು ಅದರಲ್ಲಿದೆ. ಪ್ರಮಾಣಪತ್ರದ ತಲೆಬರಹದಲ್ಲಿ, ಟೀ ಶರ್ಟಿನ ಎದೆಯ ಮೇಲೆ, ಬೈಕಿನ ಟ್ಯಾಂಕಿನ ಮೇಲೆ ಕೂಡ ಕಾಣಸಿಗುತ್ತದೆ. ಬ್ಲ್ಯಾಕ್‌ಲೆಟರ್ ಎಂಬುದು ಅದರ ಹೆಸರು. ಸುಮಾರು 1455ರಲ್ಲಿ ಜರ್ಮನಿಯ ಮೈಂಜ್ ಪಟ್ಟಣದಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದು ಈ ಜಾತಿಯ ಅಕ್ಷರದಲ್ಲೇ. ಅಗಲ ಮೊನೆಯ ಲೇಖನಿಯ ಕೈಬರಹವನ್ನು ಆತ ಲೋಹದಲ್ಲಿ ಎರಕ ಹೊಯ್ದ. ನಮ್ಮ ಉರ್ದು ಕಾತಿಬರ ಕಲಮಿನದೂ ಅಗಲ ಮೊನೆಯೇ. ಅಲ್ಲಿ ಗೆರೆ ಮುರಿಯಿತು, ಇಲ್ಲಿ ಬಾಗಿತು.

ಜರ್ಮನರು ಈ ಅಕ್ಷರವನ್ನು ತಮ್ಮ ರಾಷ್ಟ್ರದ ಮುಖವೆಂದೇ ಬಗೆದರು. ನಾಜಿಗಳೂ ಮೊದಮೊದಲು ಅದನ್ನು ಮೆರೆಸಿದರು. ಆದರೆ 1941ರ ಜನವರಿ 3ರಂದು ಮಾರ್ಟಿನ್ ಬೋರ್ಮನ್ ಒಂದು ಸುತ್ತೋಲೆ ಹೊರಡಿಸಿದ: ಇವು ಯಹೂದಿ ಅಕ್ಷರಗಳು, ಇನ್ನು ಬಳಸಕೂಡದು! ಇದು ಶುದ್ಧ ಸುಳ್ಳು. ತಮಾಷೆಯೆಂದರೆ, ಆ ಸುತ್ತೋಲೆಯ ಕಾಗದದ ತಲೆಬರಹವೇ ಅದೇ ಮೊನೆ ಅಕ್ಷರದಲ್ಲಿ ಅಚ್ಚಾಗಿತ್ತು. ನಿನ್ನೆ ತಮ್ಮದಾಗಿದ್ದುದು ಬೆಳಗಾಗುವುದರೊಳಗೆ 'ಅವರದು' ಆಗಿಹೋಯಿತು.

ಇದನ್ನು ದೂರದ ಕಥೆಯೆಂದು ಪಕ್ಕಕ್ಕಿಡಲಾಗದು. ಹಚ್ಚೊಳ್ಳಿಯಂತಹ ಗಡಿನಾಡಿನ ಊರುಗಳನ್ನೇ ನೋಡಿ. ಕನ್ನಡ, ತೆಲುಗು, ಉರ್ದು ಮೂರೂ ಸಂತೆಯಲ್ಲಿ ಒಟ್ಟಿಗೇ ಓಡಾಡುವ ಸೀಮೆ ಇದು. ಆದರೆ ಬ್ಯಾನರುಗಳ ಮೇಲೆ ಅಕ್ಷರಗಳು ಬೇರೆ ಬೇರೆ ಓಣಿ ಹಿಡಿಯುತ್ತಿವೆ. ಉರುಸಿನ ಬ್ಯಾನರಿನ ಕನ್ನಡಕ್ಕೆ ಅರಬಿಯ ಬಾಲ, ಚುಕ್ಕೆ. ಜಾತ್ರೆಯ ಬ್ಯಾನರಿನ ಕನ್ನಡಕ್ಕೆ ನಾಗರಿಯ ತಲೆಗೆರೆ. ಕನ್ನಡ ಕನ್ನಡದಂತೆ ಕಂಡರೆ ಯಾರ ಭಕ್ತಿಗೆ ಕುಂದು? ಹೊರಗಿನವರು ನಮ್ಮನ್ನು ಹಾಗೆ ಗುರುತಿಸಿದರೆ ಸಿಟ್ಟಾಗುವ ನಾವೇ ಹಣ ಕೊಟ್ಟು ಆ ಗುರುತನ್ನು ಬರೆಸಿಕೊಳ್ಳುತ್ತಿದ್ದೇವೆ.

ಇದೇ ಬಳ್ಳಾರಿ ಸೀಮೆಗೆ ಬೇರೊಂದು ನೆನಪೂ ಇದೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ'ವು 1844ರಲ್ಲಿ ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚುಮೊಳೆಗಳಲ್ಲಿ ಹೊರಬಂತು. ಮೋಗ್ಲಿಂಗ್ ಜರ್ಮನ್, ಮೊನೆ ಅಕ್ಷರದಲ್ಲೇ ಓದು ಕಲಿಯುತ್ತಿದ್ದ ನಾಡಿನವರು. ಬಂದದ್ದು ಧರ್ಮಪ್ರಚಾರಕ್ಕೆ. ಆದರೂ ಕನ್ನಡಕ್ಕೆ ಆ ಮೊನೆಗಳನ್ನು ತೊಡಿಸಲಿಲ್ಲ, ದುಂಡು ದುಂಡಾಗಿಯೇ ಉಳಿಸಿದರು.

ದಪ್ಪ ಅಕ್ಷರವೇ ಬೇಡವೆಂದು ನಾವು ಹೇಳುತ್ತಿಲ್ಲ. ದೂರಕ್ಕೆ ಕಾಣಬೇಕಾದ ಹೆಸರು ದಪ್ಪಗೇ ಇರಲಿ. ಆದರೆ ಕಂಪ್ಯೂಟರಿನಲ್ಲಿ ಬೋಲ್ಡ್ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡದ ಜೀವ ಅಕ್ಷರದ ಒಳಗಿನ ಖಾಲಿಯಲ್ಲಿದೆ. ಗೆರೆ ಉಬ್ಬಿದಂತೆ ಆ ಖಾಲಿ ಮುಚ್ಚುತ್ತದೆ, ಒತ್ತಕ್ಷರ ಮಸಿಯ ಮುದ್ದೆಯಾಗುತ್ತದೆ. 'ಹಚ್ಚೊಳ್ಳಿ' ಎಂಬ ಹೆಸರಿನಲ್ಲೇ ಎರಡು ಒತ್ತುಗಳಿವೆ. ಬರೆಯುವವರು ಮೊದಲು ಅವೆರಡನ್ನೂ ರಸ್ತೆಯ ಆಚೆ ಬದಿಗೆ ಕಾಣಿಸಲಿ. ಬಾಲ, ತಲೆಗೆರೆಗಳ ಮಾತು ಆಮೇಲೆ.