ಇಪ್ಪತ್ತು ನಿಮಿಷ ಮತ್ತು ಐವತ್ತೆಂಟು ನಿಮಿಷ: ಎರಡು ವಿದ್ಯುತ್ ಎಸ್‌ಯುವಿಗಳ ಲೆಕ್ಕಾಚಾರ

ಮಹೀಂದ್ರಾ ಸಂಸ್ಥೆ 2024ರ ನವೆಂಬರಿನಲ್ಲಿ ಅನಾವರಣಗೊಳಿಸಿದ ಬಿಇ 6 ಮತ್ತು ಹ್ಯುಂಡೈ ಸಂಸ್ಥೆ 2025ರ ಜನವರಿಯಲ್ಲಿ ಮಾರುಕಟ್ಟೆಗೆ ತಂದ ಕ್ರೆಟಾ ಎಲೆಕ್ಟ್ರಿಕ್, ಭಾರತದ ವಿದ್ಯುತ್ ಎಸ್‌ಯುವಿಗಳ ಚರ್ಚೆಯಲ್ಲಿ ಪದೇ ಪದೇ ಎದುರುಬದುರಾಗುವ ವಾಹನಗಳು. ಬಿಡುಗಡೆಯ ಹೊತ್ತಿನಲ್ಲಿ ಕಂಪನಿಗಳು ಹೇಳಿದ ಪ್ರಕಾರ, 79 ಕಿಲೋವ್ಯಾಟ್ ಅವರ್ ಬ್ಯಾಟರಿಯ ಬಿಇ 6 ಒಂದು ಪೂರ್ಣ ಚಾರ್ಜಿಗೆ 682 ಕಿ.ಮೀ. ಓಡುತ್ತದೆ ಮತ್ತು ಅದರ ಬ್ಯಾಟರಿ ಶೇ. 20ರಿಂದ ಶೇ. 80ಕ್ಕೆ 20 ನಿಮಿಷದಲ್ಲಿ ಏರುತ್ತದೆ, 51.4 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕ್ರೆಟಾ 473 ಕಿ.ಮೀ. ಓಡುತ್ತದೆ ಮತ್ತು ಶೇ. 10ರಿಂದ ಶೇ. 80ಕ್ಕೆ ಏರಲು 58 ನಿಮಿಷ ತೆಗೆದುಕೊಳ್ಳುತ್ತದೆ. (ಒಂದು ಕಿಲೋವ್ಯಾಟ್ ಅವರ್ ಎಂದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್.) ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ತೀರ್ಪು ತಾನಾಗಿ ಹೊರಬಿದ್ದಂತೆ ತೋರುತ್ತದೆಯಾದರೂ, ಅವುಗಳ ಹಿಂದಿರುವ ಷರತ್ತುಗಳನ್ನು ಬಿಡಿಸಿ ನೋಡಿದರೆ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಮೊದಲನೆಯದು ಚಾರ್ಜರಿನ ಷರತ್ತು. ಬಿಇ 6ರ 20 ನಿಮಿಷ 175 ಕಿಲೋವ್ಯಾಟ್ ಸಾಮರ್ಥ್ಯದ ಡಿ.ಸಿ. ಚಾರ್ಜರಿನ ಲೆಕ್ಕ, ಕ್ರೆಟಾದ 58 ನಿಮಿಷ 50 ಕಿಲೋವ್ಯಾಟ್ ಚಾರ್ಜರಿನದು. ಡಿ.ಸಿ. ಚಾರ್ಜರ್ ಎಂದರೆ ಪರ್ಯಾಯ ವಿದ್ಯುತ್ತನ್ನು ಕಾರಿನ ಹೊರಗೇ ನೇರ ವಿದ್ಯುತ್ತಾಗಿ ಬದಲಿಸಿ ಸೀದಾ ಬ್ಯಾಟರಿಗೆ ಹರಿಸುವ ಯಂತ್ರ. ಅದು ಕೊಡಬಲ್ಲದ್ದು ಮತ್ತು ಬ್ಯಾಟರಿ ಸ್ವೀಕರಿಸಬಲ್ಲದ್ದು, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಚಾರ್ಜಿಂಗಿನ ವೇಗವನ್ನು ನಿರ್ಧರಿಸುತ್ತದೆ. ಶೇ. 20ರಿಂದ ಶೇ. 80ರ ನಡುವೆ ಬಿಇ 6ಕ್ಕೆ ಸೇರುವುದು ಸುಮಾರು 47 ಯೂನಿಟ್. ಅದು 20 ನಿಮಿಷದಲ್ಲಿ ಸೇರಬೇಕಾದರೆ ಸರಾಸರಿ 142 ಕಿಲೋವ್ಯಾಟ್ ಹರಿಯಬೇಕು, ಅಂದರೆ ಅದೇ ಕಾರನ್ನು 50 ಕಿಲೋವ್ಯಾಟ್ ಚಾರ್ಜರಿಗೆ ಜೋಡಿಸಿದರೆ ಯಂತ್ರ ತನ್ನ ಪೂರ್ಣ ಶಕ್ತಿಯನ್ನು ಕೊಟ್ಟರೂ ಕಾಯಬೇಕಾದ ಅವಧಿ ಒಂದು ಗಂಟೆಯ ಹತ್ತಿರ ಹೋಗುತ್ತದೆ. ಪೂರ್ಣ ಶಕ್ತಿ ದೊರೆಯುವುದೂ ಅಪರೂಪ. ಕ್ರೆಟಾದ ಸ್ವಂತ ಅಂಕಿಯೇ ಇದಕ್ಕೆ ಸಾಕ್ಷಿ: 36 ಯೂನಿಟ್ ತುಂಬಲು 58 ನಿಮಿಷ ಎಂದರೆ 50 ಕಿಲೋವ್ಯಾಟ್ ಹೆಸರಿನ ಯಂತ್ರದಿಂದ ಹರಿದದ್ದು ಸರಾಸರಿ 37 ಕಿಲೋವ್ಯಾಟ್. ಹೆದ್ದಾರಿಯ ಹಲವು ಚಾರ್ಜರುಗಳಲ್ಲಿ ಎರಡು ಗನ್ ಇದ್ದು, ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಇರುವ ಶಕ್ತಿ ಎರಡಾಗಿ ಹಂಚಿಹೋಗುತ್ತದೆ. ಈ ದೃಷ್ಟಿಯಿಂದ ಹ್ಯುಂಡೈ ಮುಂದಿಟ್ಟ ಸಂಖ್ಯೆ ಆಕರ್ಷಕವಲ್ಲದಿದ್ದರೂ ಖರೀದಿದಾರನಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಅವನಿಗೆ ದಾರಿಯಲ್ಲಿ ಎದುರಾಗುವ ಯಂತ್ರ ಆ ವರ್ಗದ್ದಾಗಿರುವ ಸಾಧ್ಯತೆಯೇ ಹೆಚ್ಚು. ಮಹೀಂದ್ರಾದ ಸಂಖ್ಯೆ ಕಾರಿನ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು ಪ್ರಯಾಣಿಕನ ಅನುಭವವನ್ನಲ್ಲ.

ಒಂದು ಕಾರಿಗೆ ಶೇ. 20ರಿಂದ, ಇನ್ನೊಂದಕ್ಕೆ ಶೇ. 10ರಿಂದ ಲೆಕ್ಕ ಆರಂಭವಾಗುವುದೂ ಹೋಲಿಕೆಯನ್ನು ಕೆಡಿಸುತ್ತದೆ. ಎರಡೂ ಕಂಪನಿಗಳು ಶೇ. 80ಕ್ಕೆ ನಿಲ್ಲಿಸುವುದಕ್ಕೆ ಮಾತ್ರ ನ್ಯಾಯವಾದ ಕಾರಣವಿದೆ: ಬ್ಯಾಟರಿ ತುಂಬುತ್ತ ಬಂದಂತೆ ಅದರ ಕೋಶಗಳನ್ನು ಕಾಪಾಡಲು ನಿಯಂತ್ರಣ ವ್ಯವಸ್ಥೆ ಪ್ರವಾಹವನ್ನು ತಗ್ಗಿಸುವುದರಿಂದ, ಕೊನೆಯ ಶೇ. 20 ಭಾಗಕ್ಕೆ ತಗಲುವ ಸಮಯ ಅದರ ಪಾಲನ್ನು ಮೀರಿದ್ದಾಗಿರುತ್ತದೆ.

ರೇಂಜಿನ, ಅಂದರೆ ಒಂದು ಚಾರ್ಜಿಗೆ ಸಿಗುವ ದೂರದ, ಅಂಕಿಯನ್ನೂ ಇಷ್ಟೇ ಎಚ್ಚರದಿಂದ ಓದಬೇಕು. 682 ಮತ್ತು 473 ಎರಡೂ ಎಂಐಡಿಸಿ ಎಂಬ ಭಾರತೀಯ ಪರೀಕ್ಷಾಕ್ರಮದಿಂದ ಬಂದವು. ಪ್ರಯೋಗಾಲಯದ ಉರುಳೆಗಳ ಮೇಲೆ ನಡೆಯುವ ಈ ಪರೀಕ್ಷೆಯಲ್ಲಿ ವಾಹನ ಗಂಟೆಗೆ 90 ಕಿ.ಮೀ. ವೇಗವನ್ನು ಮೀರುವುದೇ ಇಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ 90ರಲ್ಲಿ ಇದ್ದ ಪ್ರತಿರೋಧ 110ಕ್ಕೆ ತಲುಪುವಾಗ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹೆಚ್ಚಿನ ವೇಗದ ಭಾಗವನ್ನೂ ಒಳಗೊಂಡ ಡಬ್ಲ್ಯುಎಲ್‌ಟಿಪಿ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಇದೇ ಬಿಇ 6ಕ್ಕೆ ಮಹೀಂದ್ರಾ ಹೇಳಿದ ದೂರ 550 ಕಿ.ಮೀ. ಕಾರು ಒಂದೇ, ಬ್ಯಾಟರಿ ಒಂದೇ, ಪರೀಕ್ಷೆ ಬದಲಾದ ಮಾತ್ರಕ್ಕೆ ದೂರದ ಐದನೆಯ ಒಂದು ಭಾಗದಷ್ಟು ಕರಗಿಹೋಯಿತು.

ಚಾರ್ಜಿಂಗ್ ವೇಗ ಮತ್ತು ರೇಂಜ್ ಬೇರೆ ಬೇರೆ ಗುಣಗಳೆಂಬಂತೆ ಪ್ರತ್ಯೇಕ ಅಂಕಣಗಳಲ್ಲಿ ಕೂರಿಸುವ ರೂಢಿಯೇ ಇಂಥ ಹೋಲಿಕೆಗಳ ದೊಡ್ಡ ದೋಷ. ಇದನ್ನು ಒಂದು ಪ್ರಯಾಣದ ಮೂಲಕ ಪರಿಶೀಲಿಸಬಹುದು. ಬೆಂಗಳೂರಿನಿಂದ ಬೆಳಗಾವಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 500 ಕಿ.ಮೀ. ಹೆದ್ದಾರಿಯ ವೇಗ ಮತ್ತು ಎ.ಸಿ. ಬಳಕೆಗಾಗಿ ಎರಡೂ ಕಾರುಗಳ ಎಂಐಡಿಸಿ ದೂರದಲ್ಲಿ ಶೇ. 30 ಕಳೆದು, ಶೇ. 10 ಚಾರ್ಜನ್ನು ಕಾದಿರಿಸಿಕೊಂಡರೆ, ಪೂರ್ಣ ಚಾರ್ಜಿನೊಂದಿಗೆ ಹೊರಟ ಕ್ರೆಟಾ ಸುಮಾರು 300 ಕಿ.ಮೀ., ಬಿಇ 6 ಸುಮಾರು 430 ಕಿ.ಮೀ. ಸಾಗುತ್ತವೆ. ಹುಬ್ಬಳ್ಳಿಯವರೆಗಿನ 410 ಕಿ.ಮೀ. ಅನ್ನು ಬಿಇ 6 ಎಲ್ಲಿಯೂ ನಿಲ್ಲದೆ ಮುಗಿಸುತ್ತದೆ, ಕ್ರೆಟಾ ದಾರಿಯಲ್ಲಿ ಅರ್ಧ ಗಂಟೆಯಷ್ಟು ನಿಲ್ಲಬೇಕಾಗುತ್ತದೆ. ಬೆಳಗಾವಿಯನ್ನು ತಲುಪಲು 37 ಕಿಲೋವ್ಯಾಟ್ ಸರಾಸರಿಯಲ್ಲಿ ಕ್ರೆಟಾಕ್ಕೆ 51 ನಿಮಿಷ, ಬಿಇ 6ಕ್ಕೆ 19 ನಿಮಿಷ ಬೇಕು. ಅತಿವೇಗದ ಚಾರ್ಜರ್ ಸಿಕ್ಕರೆ ಬಿಇ 6ರ ಈ 19 ನಿಮಿಷ 5ಕ್ಕೆ ಇಳಿಯುತ್ತದೆ. ಅಂದರೆ ದೊಡ್ಡ ಬ್ಯಾಟರಿ ಉಳಿಸಿಕೊಟ್ಟದ್ದು 32 ನಿಮಿಷ, ಜಾಹೀರಾತುಗಳಲ್ಲಿ ಮೆರೆಯುವ 175 ಕಿಲೋವ್ಯಾಟ್ ಉಳಿಸಿಕೊಟ್ಟದ್ದು 14 ನಿಮಿಷ. ದೂರ ಇನ್ನೂ ಹೆಚ್ಚಿದರೆ ಈ ಪ್ರಮಾಣ ಬದಲಾಗುತ್ತದೆ ಎಂಬುದು ನಿಜ, ಆದರೆ ಒಂದೇ ದಿನದಲ್ಲಿ ಅದಕ್ಕಿಂತ ಬಹಳ ದೂರ ಕಾರು ಓಡಿಸುವ ಕುಟುಂಬಗಳು ಹೆಚ್ಚಿಲ್ಲ.

ಕ್ರೆಟಾದ ಪರವಾಗಿ ಯಾರೂ ಹೇಳದ ಒಂದು ಮಾತು ಉಳಿದಿದೆ. ಎಂಐಡಿಸಿ ಲೆಕ್ಕದಲ್ಲಿ ಅದು ಒಂದು ಯೂನಿಟ್‌ಗೆ 9.2 ಕಿ.ಮೀ., ಬಿಇ 6 ಸುಮಾರು 8.6 ಕಿ.ಮೀ. ಓಡುತ್ತದೆ. ಆದ್ದರಿಂದ ಒಂದೇ ಸಣ್ಣ ಚಾರ್ಜರಿನಿಂದ ಎರಡೂ ಕಾರುಗಳಿಗೆ ಒಂದೇ ಪ್ರಮಾಣದಲ್ಲಿ ವಿದ್ಯುತ್ ಹರಿದರೆ, ನಿಮಿಷಕ್ಕೆ ಹೆಚ್ಚು ದೂರ ಗಳಿಸುವುದು 'ನಿಧಾನ' ಎಂಬ ಹಣೆಪಟ್ಟಿ ಹೊತ್ತ ಕಾರೇ. ಮನೆಯಲ್ಲಿ ಚಾರ್ಜ್ ಮಾಡುವವರಿಗಂತೂ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ: ಸಾಮಾನ್ಯ 15 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 3 ಕಿಲೋವ್ಯಾಟ್ ಹರಿದರೂ ಎಂಟು ಗಂಟೆಯ ರಾತ್ರಿಯೊಂದರಲ್ಲಿ 24 ಯೂನಿಟ್ ಸೇರುತ್ತದೆ, ನಗರದ ಹಲವು ದಿನಗಳ ಓಡಾಟಕ್ಕೆ ಅಷ್ಟು ಸಾಕು.

ಹೀಗೆ ನೋಡಿದಾಗ, ಹೆದ್ದಾರಿಯ ಪ್ರಯಾಣಕ್ಕೆ 79 ಕಿಲೋವ್ಯಾಟ್ ಅವರ್ ಬಿಇ 6 ಮೇಲು ಎಂಬುದರಲ್ಲಿ ಸಂಶಯವಿಲ್ಲ, ಆದರೆ ಅದರ ಮೇಲ್ಮೆಯ ಮೂಲ 20 ನಿಮಿಷದ ಘೋಷಣೆಯಲ್ಲಿಲ್ಲ, ಬ್ಯಾಟರಿಯ ಗಾತ್ರದಲ್ಲಿದೆ. ಆ ಗಾತ್ರಕ್ಕೆ ಬೆಲೆಯೂ ಇದೆ. ಬಿಡುಗಡೆಯ ವೇಳೆ ಈ ಮಾದರಿಯ ಎಕ್ಸ್ ಶೋರೂಂ ಬೆಲೆ 26.90 ಲಕ್ಷ ರೂಪಾಯಿಯಾಗಿದ್ದರೆ, 51.4 ಕಿಲೋವ್ಯಾಟ್ ಅವರ್ ಕ್ರೆಟಾ ಸುಮಾರು 21.50 ಲಕ್ಷಕ್ಕೆ ಆರಂಭವಾಗುತ್ತಿತ್ತು. ಬೆಲೆಯ ನ್ಯಾಯದಲ್ಲಿ ಕ್ರೆಟಾದ ನಿಜವಾದ ಎದುರಾಳಿ 18.90 ಲಕ್ಷಕ್ಕೆ ಆರಂಭವಾದ, 59 ಕಿಲೋವ್ಯಾಟ್ ಅವರ್ ಬ್ಯಾಟರಿಯ ಬಿಇ 6. 140 ಕಿಲೋವ್ಯಾಟ್ ಚಾರ್ಜರಿನಲ್ಲಿ ಅದಕ್ಕೂ ಶೇ. 80 ಮುಟ್ಟಲು 20 ನಿಮಿಷವೇ ಸಾಕೆಂದು ಕಂಪನಿ ಹೇಳುತ್ತದೆ. ಹ್ಯುಂಡೈಗೆ ಉತ್ತರ ಕಠಿಣವಾಗುವುದು ಈ ಜೋಡಿಯಲ್ಲಿ.