ಎಲ್ಲಿಗೆ ಬಂತು?

ನಮ್ಮ ಹಾಸ್ಟೆಲಿನಲ್ಲಿ ದೆವ್ವದ ಕಥೆಗಳ ಹುಚ್ಚು ಹತ್ತಿಸಿಕೊಂಡವರು ನಾಲ್ಕು ಜನ ಇದ್ದೇವೆ. ರಾತ್ರಿ ಊಟ ಮುಗಿಸಿ ತಟ್ಟೆ ತೊಳೆಯುವಾಗ ಒಬ್ಬರನ್ನೊಬ್ಬರು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಿಗೆ ಬಂತೇ?’ ಪುಸ್ತಕ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ‘ಗೋಪುರದ ಮೇಲೆ ಯಾವನೋ ನಿಂತಿದ್ದಾನೆ, ಯಾರು ಅಂತ ಗೊತ್ತಿಲ್ಲ. ಭಯ ಆಯ್ತು, ಮುಚ್ಚಿಟ್ಟೆ’ ಎಂಬಂಥ ಉತ್ತರ ಬರುತ್ತದೆ. ಕೊನೆ ಗೊತ್ತಿರುವವರು ಬಾಯಿ ಬಿಡಬಾರದು. ನಮ್ಮಲ್ಲಿರುವ ನಿಯಮ ಇದೊಂದೇ.

ಹಗಲು ನಾನು ಮಾಡುವ ಕೆಲಸದ ರೀತಿಯೇ ಬೇರೆ. ಸೆಮಿನಾರಿನಲ್ಲಿ ಬಾಯಿ ತೆರೆಯಬೇಕಾದರೆ ಕೃತಿಯನ್ನು ಪೂರ್ತಿ ಓದಿರಬೇಕು. ವಿಮರ್ಶೆ ಕೊನೆಯ ಪುಟದಲ್ಲಿ ಕೂತು ಹಿಂದಕ್ಕೆ ನೋಡುತ್ತದೆ. ಉಳಿದ ಸಾಹಿತ್ಯಕ್ಕೆ ಇದು ಸರಿಯಿರಬಹುದು. ಭಯದ ಸಾಹಿತ್ಯವನ್ನು ಮಾತ್ರ ಹೀಗೆ ನೋಡಿದಾಗ ಮುಖ್ಯವಾದದ್ದೇ ಕೈಜಾರುತ್ತದೆ ಎಂದು ಈಚೆಗೆ ಅನ್ನಿಸತೊಡಗಿದೆ. ಅದಕ್ಕೆ ಕಾರಣ ನಮ್ಮ ಈ ತಟ್ಟೆ ತೊಳೆಯುವ ಹೊತ್ತಿನ ಮಾತುಗಳೇ.

ಗೋಪುರದ ಮೇಲೆ ನಿಂತವನು ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕಥೆಯವನು. ಹಳ್ಳಿಯ ದೊಡ್ಡ ಮನೆಯೊಂದಕ್ಕೆ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ತರುಣಿಗೆ ಅಪರಿಚಿತನೊಬ್ಬ ಎರಡು ಸಲ ಕಾಣಿಸುತ್ತಾನೆ. ಅವನ ಚಹರೆಯನ್ನು ಅವಳು ಮನೆವಾರ್ತೆಯ ಹೆಂಗಸಿಗೆ ವಿವರಿಸುತ್ತಾಳೆ. ಆಕೆಗೆ ಗುರುತು ಸಿಗುತ್ತದೆ: ಅವನು ಪೀಟರ್ ಕ್ವಿಂಟ್, ಸತ್ತುಹೋದವನು. ನನ್ನ ಗೆಳತಿ ಇಲ್ಲಿಗೆ ಬಂದ ದಿನ ‘ದೆವ್ವಾನೇ, ಅನುಮಾನವೇ ಇಲ್ಲ’ ಎಂದಳು. ನೋಡದವನನ್ನು ಇವಳು ವರ್ಣಿಸುವುದಾದರೂ ಹೇಗೆ ಎಂಬುದು ಅವಳ ವಾದ. ನಾಲ್ಕು ದಿನ ಬಿಟ್ಟು ಕೆರೆಯ ದಂಡೆಯ ಪ್ರಸಂಗಕ್ಕೆ ಬಂದಳು. ಅಲ್ಲಿ ತರುಣಿ ಎದುರಿಗೆ ಬೆರಳು ತೋರಿಸುತ್ತಾಳೆ, ಪಕ್ಕದಲ್ಲೇ ನಿಂತ ಮನೆವಾರ್ತೆಯವಳಿಗೆ ಏನೂ ಕಾಣುವುದಿಲ್ಲ. ಅವತ್ತು ಗೆಳತಿಯ ಮುಖ ಸಣ್ಣಗಾಗಿತ್ತು. ‘ಇವಳಿಗೇ ತಲೆ ಕೆಟ್ಟಿದೆ ಕಣೇ. ಹಾಗಾದ್ರೆ ಆ ಮಕ್ಕಳ ಗತಿ?’

ಈ ಎರಡು ರಾತ್ರಿಗಳ ಮಾತಿನಲ್ಲಿ ಈ ಕಥೆಯ ಮೇಲೆ ದಶಕಗಟ್ಟಲೆ ನಡೆದ ಜಗಳ ಅಡಗಿದೆ. ದೆವ್ವಗಳು ಆ ತರುಣಿಯ ಅದುಮಿಟ್ಟ ಆಸೆಗಳಿಂದ ಹುಟ್ಟಿದ ಭ್ರಮೆ ಎಂದು ಎಡ್ಮಂಡ್ ವಿಲ್ಸನ್ 1934ರಲ್ಲಿ ಬರೆದ. ಅಲ್ಲಿಂದ ವಿಮರ್ಶಕರು ಎರಡು ಬಣವಾದರು. ಎರಡೂ ಬಣ ಪುಸ್ತಕ ಮುಗಿಸಿ ತೀರ್ಪು ಹೇಳಲು ಕೂತವು. ಆದರೆ ಈ ಕಥೆ 1898ರಲ್ಲಿ ಮೊದಲು ಬಂದದ್ದು ‘ಕೋಲಿಯರ್ಸ್’ ವಾರಪತ್ರಿಕೆಯಲ್ಲಿ, 12 ಕಂತುಗಳಾಗಿ. ಅದರ ಮೊದಲ ಓದುಗರೂ ನನ್ನ ಗೆಳತಿಯ ಹಾಗೆ ಕಥೆಯ ನಡುವೆಯೇ ವಾರಗಟ್ಟಲೆ ಬದುಕಬೇಕಾಗಿತ್ತು. ಕಂತಿಗಾಗಿ ಕಾದ ಅಭ್ಯಾಸವಿರುವ ನಮ್ಮ ವಾರಪತ್ರಿಕೆಗಳ ಹಳೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ನಡುವಿನ ಸ್ಥಿತಿಗೆ ತಾತ್ವಿಕವಾದ ಹೆಸರು ಕೊಟ್ಟವನು ತೊಡೊರೊವ್. 1970ರ ಪುಸ್ತಕದಲ್ಲಿ ಅವನು ಇದನ್ನು ಹಿಂಜರಿಕೆ ಎಂದು ಕರೆದ. ಕಂಡದ್ದು ಲೋಕನಿಯಮಕ್ಕೆ ಒಳಪಟ್ಟದ್ದೋ ಮೀರಿದ್ದೋ ಎಂದು ನಿರ್ಧರಿಸಲಾಗದೆ ಓದುಗ ತೂಗಾಡುವಷ್ಟು ಹೊತ್ತು ಮಾತ್ರ ಈ ಪ್ರಕಾರಕ್ಕೆ ಆಯುಸ್ಸು. ಯಾವ ಕಡೆಗಾದರೂ ವಾಲಿದರೆ ಅದು ಬೇರೆಯೇ ಜಾತಿಯ ಕಥೆ. ಹಾಗಾದರೆ ‘ಎಲ್ಲಿಗೆ ಬಂತು’ ಎಂಬ ಪ್ರಶ್ನೆಯೇ ಈ ಸಾಹಿತ್ಯಕ್ಕೆ ತಕ್ಕ ವಿಮರ್ಶೆ ಎಂದು ನಾನು ಬೀಗುತ್ತಿದ್ದೆ.

ಆ ಬೀಗುವಿಕೆ ನಿಂತದ್ದು ‘ತುಳಸಿದಳ’ದಿಂದ. ಯಂಡಮೂರಿ ವೀರೇಂದ್ರನಾಥರ ಈ ತೆಲುಗು ಕಾದಂಬರಿ ಕನ್ನಡಕ್ಕೆ ಬಂದು ಮನೆಮಾತಾಯಿತು, 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟದ ಪ್ರಯೋಗ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿಗಳು. ಎರಡು ವಿವರಣೆಗಳೂ ಜೋಡಿ ಹಳಿಗಳ ಹಾಗೆ ಓಡುತ್ತವೆ. ಅಂದರೆ ತೊಡೊರೊವ್ ಹೇಳಿದ ಹಿಂಜರಿಕೆಯೇ. ನಮ್ಮ ಗುಂಪಿನ ಇನ್ನೊಬ್ಬಳು ಇದನ್ನು ಓದುತ್ತಿದ್ದಳು. ಮೂರನೆಯ ದಿನ ‘ಎಲ್ಲಿಗೆ ಬಂತು?’ ಎಂದು ಕೇಳಿದೆ. ‘ಬಿಟ್ಟೆ’ ಅಂದಳು. ಭಯವಾಯಿತಾ ಎಂದು ನಗುತ್ತಾ ಕೇಳಿದ್ದಕ್ಕೆ ಅವಳು ನಗಲಿಲ್ಲ. ಅವಳ ಊರಿನಲ್ಲಿ ಮಗುವೊಂದಕ್ಕೆ ಕಾಯಿಲೆಯಾದಾಗ ಮಾಟ ಮಾಡಿಸಿದ್ದಾಳೆಂದು ಅವಳ ದೊಡ್ಡಮ್ಮನ ಮೇಲೆ ಹೇಳಿದರಂತೆ. ಮಗು ಹುಷಾರಾಯಿತು. ದೊಡ್ಡಮ್ಮನನ್ನು ಮಾತ್ರ ಆಮೇಲೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ‘ಇದ್ರೂ ಇರಬಹುದು ಅಂತ ಅನ್ನಿಸುತ್ತಲ್ಲ ಪುಸ್ತಕದಲ್ಲಿ, ಊರಿನವರೂ ಅದನ್ನೇ ಅಂದದ್ದು’ ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ತೊಡೊರೊವ್‌ನ ಹಿಂಜರಿಕೆ ನಿಸರ್ಗದ ನಿಯಮಗಳನ್ನು ಮಾತ್ರ ಬಲ್ಲವನ ಹಿಂಜರಿಕೆ. ಪುಸ್ತಕ ಮುಚ್ಚಿದರೆ ಅವನ ಲೋಕ ಮತ್ತೆ ಗಟ್ಟಿ. ವಾಮಾಚಾರ ತಡೆಯಲು 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಗಿ ಬಂದ ನಾಡಿನಲ್ಲಿ ಹಿಂಜರಿಕೆ ಅಷ್ಟು ನಿರುಪದ್ರವಿಯಲ್ಲ. ‘ಇದ್ದರೂ ಇರಬಹುದು’ ಎಂಬ ಅದೇ ಮಾತು ಪುಸ್ತಕದಲ್ಲಿ ಪುಟ ತಿರುಗಿಸುತ್ತದೆ, ಊರಿನಲ್ಲಿ ಒಬ್ಬಳಿಗೆ ಬಾಗಿಲು ಮುಚ್ಚುತ್ತದೆ.

ಹಾಗೆಂದು ‘ತುಳಸಿದಳ’ ಮೂಢನಂಬಿಕೆ ಹರಡಿತು ಎಂಬ ಹಳೆಯ ಆರೋಪಕ್ಕೆ ನಾನು ಸಹಿ ಹಾಕಲಾರೆ. ಆ ಆರೋಪ ಮಾಡಿದ ಅನೇಕರು ಓದುಗರಿಗೆ ಏನಾಯಿತೆಂದು ಕೇಳಲಿಲ್ಲ. ನನ್ನ ಇನ್ನಿಬ್ಬರು ಗೆಳತಿಯರು ಅದೇ ಪುಸ್ತಕವನ್ನು ಒಂದೇ ಉಸಿರಿಗೆ ಓದಿ, ಯಾರ ಮೇಲೂ ಅನುಮಾನ ಪಡದೆ ಹಾಯಾಗಿ ಮಲಗಿದ್ದಾರೆ. ಪುಸ್ತಕ ಮೂವರಿಗೂ ಒಂದೇ, ಹೆದರಿಕೆ ಒಂದೇ ಅಲ್ಲ. ಜನಪ್ರಿಯ ಸಾಹಿತ್ಯ ಎಂಬ ಹಣೆಪಟ್ಟಿ ಅಂಟಿಸಿ ಪಕ್ಕಕ್ಕಿಟ್ಟ ನಮ್ಮ ವಿಮರ್ಶೆಗೆ ಈ ವ್ಯತ್ಯಾಸ ಕಾಣಲೇ ಇಲ್ಲ. ನನಗೂ ಕಾಣುತ್ತಿರಲಿಲ್ಲ, ಅವಳು ಅವತ್ತು ‘ಚೆನ್ನಾಗಿದೆ’ ಎಂದು ಹೇಳಿ ತಟ್ಟೆ ತೊಳೆದುಕೊಂಡು ಹೋಗಿಬಿಟ್ಟಿದ್ದರೆ.

ಆದ್ದರಿಂದ ನಮ್ಮ ಪ್ರಶ್ನೆಗೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ಎಲ್ಲಿಗೆ ಬಂತು ಎಂಬುದರ ಜೊತೆಗೆ, ಎಲ್ಲಿ ನಿಲ್ಲಿಸಿದೆ, ಯಾಕೆ? ಅವಳ ‘ತುಳಸಿದಳ’ ಈಗಲೂ ನನ್ನ ಮೇಜಿನ ಮೇಲಿದೆ, ಅವಳು ಬಿಟ್ಟ ಪುಟದಲ್ಲಿ ಬಸ್ ಟಿಕೆಟ್ ಇಟ್ಟುಕೊಂಡು. ನಾನು ಅದನ್ನು ತೆಗೆದಿಲ್ಲ.